ಊರ ಶಾಲೆಯ ಇಂಗ್ಲಿಷಿಗೆ ಹಣ ಹಾಕುವ ಮುನ್ನ

ಜೂನ್ ಬಂತೆಂದರೆ ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸ್ವಲ್ಪ ಹಣ ಸೇರಿದೆ, ಮಕ್ಕಳ ಇಂಗ್ಲಿಷ್ ಸುಧಾರಿಸಬೇಕು. ಅಕ್ಷರಗಳ ಧ್ವನಿ ಕೂಡಿಸಿ ಓದಿಸುವ ಫೋನಿಕ್ಸ್ ಕಿಟ್ ತರುವುದೋ, ಕಥೆಪುಸ್ತಕ ಕೊಳ್ಳುವುದೋ, ಸ್ಮಾರ್ಟ್ ಟಿವಿ ಹಾಕಿಸುವುದೋ, ಇಂಗ್ಲಿಷಿಗೆಂದೇ ಒಬ್ಬ ಶಿಕ್ಷಕರನ್ನು ಇಟ್ಟುಕೊಳ್ಳುವುದೋ? ಕೋಲಾರದ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಶಾಲೆಗಳಿಗೆ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣ ಸಿಗುವ ಸಾಧ್ಯತೆಯೂ ಇರುತ್ತದೆ. ಅಂಥ ಹಣಕ್ಕೆ ಮಾರ್ಚ್ ಒಳಗೆ ಖರ್ಚಾಗುವ ಅವಸರ. ಅವಸರದಲ್ಲಿ ಕೊಳ್ಳುವುದು ಗೋಡೆಗೆ ನೇತುಹಾಕಿ ಫೋಟೊ ತೆಗೆಸಿಕೊಳ್ಳಬಹುದಾದ ವಸ್ತುವನ್ನೇ.

ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಾಗಿದೆ. 2019–20ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾಗಿವೆ. ನನ್ನ ಕಾಳಜಿ ಅದಕ್ಕಿಂತ ಚಿಕ್ಕದು. 2007–08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷಾ ವಿಷಯವಾಗಿದೆ. ಅಂದರೆ ಎಂಟನೇ ತರಗತಿ ಮುಗಿಸುವ ಮಗುವಿಗೆ ಎಂಟು ವರ್ಷ ಇಂಗ್ಲಿಷ್ ಪಾಠವಾಗಿರುತ್ತದೆ. ಆದರೂ ತನ್ನದೇ ಪಠ್ಯಪುಸ್ತಕದ ಒಂದು ಪ್ಯಾರಾ ಓದಲು ಆ ಮಗು ತಡವರಿಸುವುದು ನಮಗಾರಿಗೂ ಹೊಸ ಸುದ್ದಿಯಲ್ಲ. ಇರುವ ಈ ಎಂಟು ವರ್ಷಗಳಿಗೆ ಯಾವ ದಾರಿ ಹೆಚ್ಚು ನೆರವಾಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಅಳೆಯಿರಿ

ಯಾವ ಅಂಗಡಿಗೂ ಹೋಗುವ ಮೊದಲು ಮಕ್ಕಳು ಎಲ್ಲಿ ನಿಂತಿದ್ದಾರೆ ಎಂದು ನೋಡಬೇಕು. ಹಳ್ಳಿಯ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ‘ಅಸರ್’ ಸಮೀಕ್ಷೆಯವರ ಇಂಗ್ಲಿಷ್ ಪರೀಕ್ಷೆ ಇದಕ್ಕೆ ಒಳ್ಳೆಯ ಮಾದರಿ. ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರಗಳು, ಸಣ್ಣ ಅಕ್ಷರಗಳು, ಸರಳ ಪದಗಳು, ಸುಲಭ ವಾಕ್ಯಗಳು ಇರುತ್ತವೆ. ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಓದಿಸುವುದು. ಪದ ಅಥವಾ ವಾಕ್ಯ ಓದಿದವರಿಗೆ ಅದರ ಅರ್ಥ ಕೇಳುವುದು. ಒಬ್ಬರಿಗೆ ಎರಡು ಮೂರು ನಿಮಿಷ ಸಾಕು. ಅರ್ಥವನ್ನು ಯಾವ ಭಾಷೆಯಲ್ಲಿ ಹೇಳಿದರೂ ಒಪ್ಪಬೇಕು. ಈ ಪರೀಕ್ಷೆಯ ನಂತರ ಮಕ್ಕಳು ಮೂರು ಗುಂಪಾಗುತ್ತಾರೆ: ಪದವನ್ನೇ ಓದಲಾರದವರು, ಓದುತ್ತಾರೆ ಆದರೆ ಅರ್ಥ ತಿಳಿಯದವರು, ಅರ್ಥವೂ ತಿಳಿಯುತ್ತದೆ ಆದರೆ ಸ್ವಂತವಾಗಿ ಒಂದು ವಾಕ್ಯ ಹೇಳಲೂ ಬರೆಯಲೂ ಆಗದವರು. ಮೂವರ ಕಾಯಿಲೆಯೂ ಬೇರೆ. ಒಂದೇ ಔಷಧ ಕೊಂಡು ತಂದು ಎಲ್ಲರಿಗೂ ಕುಡಿಸಿದರೆ ಹಣ ಹೋಗುತ್ತದೆ, ಅಷ್ಟೇ.

ಎರಡನೆಯದು ಮನೆಯ ಭಾಷೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳ ವಿಶೇಷವೇ ಇದು. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡದ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು ಧಾರಾಳವಾಗಿ ಕೇಳುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಕೇರಿಗಳಲ್ಲಿ ಉರ್ದು. ತಿಪಟೂರು, ಗುಬ್ಬಿ ಕಡೆಯ ಮಗುವಿಗೆ ಇಂಗ್ಲಿಷ್ ಎರಡನೆಯ ಭಾಷೆಯಾದರೆ, ಬಾಗೇಪಲ್ಲಿಯ ಮಗುವಿಗೆ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಮುಂದೆ ಹೇಳುವ ಎಲ್ಲ ಆಯ್ಕೆಗಳ ಮೇಲೂ ಇದರ ನೆರಳು ಬೀಳುತ್ತದೆ.

ಮೂರನೆಯದು ಪಾಠ ಮಾಡುವವರು ಯಾರು ಎಂಬುದು. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರರವರೆಗೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದನ್ನು. ಅವರು ಇಂಗ್ಲಿಷ್ ಓದಿ ಪದವಿ ಪಡೆದವರೇ ಆಗಿರಬೇಕಿಲ್ಲ. ಬಹಳಷ್ಟು ಶಿಕ್ಷಕರು ಇಂಗ್ಲಿಷನ್ನು ಚೆನ್ನಾಗಿ ಓದಿ ಅರ್ಥಮಾಡಿಕೊಳ್ಳುತ್ತಾರೆ, ಮಾತನಾಡಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯನ್ನು ಇಟ್ಟುಕೊಂಡೂ ನಡೆಯುವ ದಾರಿ ಬೇಕು. ತಾಲ್ಲೂಕಿನ ಅತ್ಯುತ್ತಮ ಶಿಕ್ಷಕಿಯ ಕೈಯಲ್ಲಿ ಎಲ್ಲ ವಿಧಾನಗಳೂ ನಡೆಯುತ್ತವೆ. ಅದನ್ನು ನೋಡಿ ತೀರ್ಮಾನಿಸಬಾರದು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವಿಕೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಭೆ ಇವುಗಳ ನಡುವೆ ಸಾಧಾರಣ ಶಿಕ್ಷಕರ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡಿ.

ನಾಲ್ಕನೆಯದು ಹಣದ ಬಗೆ. ಒಮ್ಮೆ ಮಾತ್ರ ಬರುವ ಹಣವನ್ನು ತಿಂಗಳು ತಿಂಗಳು ಬೇಡುವ ಖರ್ಚಿಗೆ ಕಟ್ಟಬಾರದು. ಇದರ ಜೊತೆಗೇ ವರ್ಗಾವಣೆಯ ಪ್ರಶ್ನೆಯೂ ಬರುತ್ತದೆ. ಉತ್ಸಾಹದಿಂದ ಶುರುಮಾಡಿದ ಶಿಕ್ಷಕರು ಬೇರೆ ಊರಿಗೆ ಹೋದ ಮೇಲೆ ಶಾಲೆಯಲ್ಲಿ ಏನು ಉಳಿಯುತ್ತದೆ? ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಕಠಿಣವಾದ ಒರೆಗಲ್ಲು.

ಈಗ ನಡೆಯುತ್ತಿರುವುದು: ಪಾಠ, ಅರ್ಥ, ಪ್ರಶ್ನೋತ್ತರ

ಶಿಕ್ಷಕರು ಒಂದೊಂದು ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುವುದು, ಕೊನೆಯ ಪ್ರಶ್ನೆಗಳಿಗೆ ಬೋರ್ಡಿನ ಮೇಲೆ ಉತ್ತರ ಬರೆಯುವುದು, ಮಕ್ಕಳು ನಕಲು ಮಾಡಿ ಬಾಯಿಪಾಠ ಮಾಡುವುದು. ಇದನ್ನು ಹೀಯಾಳಿಸುವುದು ಸುಲಭ. ಆದರೆ ಇದಕ್ಕೆ ಖರ್ಚಿಲ್ಲ, ಪಠ್ಯಪುಸ್ತಕ ಉಚಿತ, ಶಿಕ್ಷಕರಿಗೆ ಹೊಸದಾಗಿ ಏನೂ ಕಲಿಯಬೇಕಿಲ್ಲ, ಕಿರುಪರೀಕ್ಷೆಯಲ್ಲಿ ಅಂಕ ಬರುತ್ತದೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಗೆ ನೂರು ಅಂಕ ಇರುವಾಗ ಪೋಷಕರು ಅಂಕದ ಕಡೆ ನೋಡುವುದನ್ನು ತಪ್ಪೆನ್ನಲಾಗದು. ಮಕ್ಕಳ ಭಾಷೆಯಲ್ಲಿ ಅರ್ಥ ಹೇಳುವುದೂ ತಪ್ಪಲ್ಲ. ಇಡೀ ತರಗತಿ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಹಟ ಹಳ್ಳಿಯ ಶಾಲೆಯಲ್ಲಿ ಮೌನವನ್ನಷ್ಟೇ ಬೆಳೆಸುತ್ತದೆ.

ಇದರ ಕೊರತೆ ಬೇರೆ ಕಡೆ ಇದೆ. ನಲವತ್ತು ನಿಮಿಷದ ತರಗತಿಯಲ್ಲಿ ಓದುವವರು ಶಿಕ್ಷಕರೊಬ್ಬರೇ. ಮಗು ಸಾಲಿನ ಮೇಲೆ ಸಣ್ಣದಾಗಿ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಂಡು ಅದನ್ನೇ ಓದುತ್ತದೆ, ಕಣ್ಣು ಇಂಗ್ಲಿಷ್ ಅಕ್ಷರದ ಮೇಲೆ ಬೀಳುವುದೇ ಇಲ್ಲ. ತೆಲುಗು ಮನೆಮಾತಿನ ಕಡೆ ಇನ್ನೊಂದು ತೊಡಕು: ಕಷ್ಟದ ಇಂಗ್ಲಿಷ್ ಪದಕ್ಕೆ ಕೊಟ್ಟ ಗ್ರಾಂಥಿಕ ಕನ್ನಡ ಪದವೂ ಮಗುವಿಗೆ ಅಷ್ಟೇ ಕಷ್ಟ. ಎರಡು ಗೊತ್ತಿಲ್ಲದ ಪದಗಳನ್ನು ಜೋಡಿಸಿ ಬಾಯಿಪಾಠ ಮಾಡುತ್ತದೆ. ಅಲ್ಲಿ ಚಿತ್ರ, ಅಭಿನಯ, ಬೇಕಾದಲ್ಲಿ ಒಂದು ತೆಲುಗು ಮಾತು ಇವು ಕನ್ನಡದ ಅರ್ಥಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಈ ಪದ್ಧತಿಯನ್ನು ಪೂರ್ತಿ ಕೈಬಿಡಿ ಎನ್ನುವುದಿಲ್ಲ. ಏಳು ಮತ್ತು ಎಂಟನೇ ತರಗತಿಯಲ್ಲಿ ವಾರಕ್ಕೊಂದೆರಡು ಅವಧಿ ಇದಕ್ಕೆ ಇರಲಿ. ಉಳಿದ ಅವಧಿಗಳಲ್ಲಿ ಮಗುವಿನ ಬಾಯಿ ಮತ್ತು ಕೈ ಓಡಾಡಬೇಕು.

ಫೋನಿಕ್ಸ್

ಇದರ ಬಗ್ಗೆ ಗದ್ದಲ ಹೆಚ್ಚು, ತಿಳಿವಳಿಕೆ ಕಡಿಮೆ. ಇಂಗ್ಲಿಷ್ ಅಕ್ಷರಗಳ ಹೆಸರು ಬೇರೆ, ಅವು ಹೊರಡಿಸುವ ಧ್ವನಿ ಬೇರೆ. ‘ಸಿ-ಎ-ಟಿ’ ಎಂದು ಎಷ್ಟು ವೇಗವಾಗಿ ಹೇಳಿದರೂ ‘ಕ್ಯಾಟ್’ ಆಗುವುದಿಲ್ಲ. ಆದ್ದರಿಂದ ಅಕ್ಷರದ ಹೆಸರಿಗಿಂತ ಮೊದಲು ಧ್ವನಿಯನ್ನು ಕಲಿಸಿ, ಧ್ವನಿಗಳನ್ನು ಕೂಡಿಸಿ ಪದ ಓದಿಸುವುದೇ ಫೋನಿಕ್ಸ್. 26 ಅಕ್ಷರಗಳಿಂದ ಇಂಗ್ಲಿಷ್ ಸುಮಾರು 44 ಧ್ವನಿಗಳನ್ನು ಬರೆಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಜಾಲಿ ಫೋನಿಕ್ಸ್ ಪದ್ಧತಿ 42 ಧ್ವನಿಗಳನ್ನು ಗುಂಪು ಮಾಡಿ ಕಲಿಸುತ್ತದೆ. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಎ, ಬಿ, ಸಿ ಕ್ರಮವನ್ನು ಬಿಟ್ಟದ್ದಕ್ಕೆ ಕಾರಣವಿದೆ: ಈ ಆರೇ ಅಕ್ಷರ ಬಂದರೆ ‘ಪಿನ್’, ‘ಟಿನ್’, ‘ಟ್ಯಾಪ್’, ‘ಸಿಟ್’, ‘ಆಂಟ್’ ಎಂದು ಹತ್ತಾರು ಪದ ಓದಬಹುದು.

ಕನ್ನಡ ಓದಲು ಕಲಿತ ಮಗುವಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ಫೋನಿಕ್ಸ್‌ನಲ್ಲಿ ಶಿಕ್ಷಕರು ಎಡವುವುದು ಶುದ್ಧ ವ್ಯಂಜನದಲ್ಲಿ. ಎಂ ಅಕ್ಷರಕ್ಕೆ ‘ಮ’ ಎಂದು ಹೇಳಿಕೊಟ್ಟರೆ ಕೂಡಿಸುವಾಗ ಪದ ಕೆಡುತ್ತದೆ. ‘ಮ್’ ಎನ್ನಬೇಕು. ನಮ್ಮ ಲಿಪಿಯಲ್ಲಿ ಇದನ್ನು ಬರೆದು ತೋರಿಸಲು ಬರುತ್ತದೆ. ‘ಮ್’ಗೆ ‘ಆ’ ಸೇರಿದರೆ ‘ಮಾ’, ‘ಇ’ ಸೇರಿದರೆ ‘ಮಿ’ ಎಂಬ ಕಾಗುಣಿತದ ಲೆಕ್ಕ ಮಗುವಿಗೆ ಆಗಲೇ ಗೊತ್ತು. ಕೂಡಿಸುವ ಕೆಲಸ ಹೊಸದಲ್ಲ, ಗುರುತುಗಳು ಹೊಸವು. ಹಾಗಾಗಿ ಕನ್ನಡದ ಕಾಗುಣಿತ ಗಟ್ಟಿಯಾದ ಮೇಲೆ, ಅಂದರೆ ಎರಡನೇ ತರಗತಿಯ ಕೊನೆ ಅಥವಾ ಮೂರನೆಯದರ ಆರಂಭದಲ್ಲಿ, ಇಂಗ್ಲಿಷ್ ಓದನ್ನು ಬಿರುಸಾಗಿ ಹಿಡಿಯುವುದು ಉತ್ತಮ ಎಂಬುದು ನನ್ನ ನಿಲುವು. ಅದಕ್ಕೂ ಮೊದಲು ಹಾಡು, ಆಟ, ಮಾತು ಸಾಕು. ಎಚ್ಚರ ವಹಿಸಬೇಕಾದ ಜಾಗಗಳೂ ಇವೆ: ನಮ್ಮ ನಾಲಿಗೆ ಪದದ ಕೊನೆಗೊಂದು ಸ್ವರ ಅಂಟಿಸುತ್ತದೆ, ‘ಪಿನ್’ ‘ಪಿನ್ನು’ ಆಗುತ್ತದೆ, ಪದದ ಮೊದಲಿಗೆ ಒತ್ತಕ್ಷರ ಬಂದರೆ ‘ಇಸ್ಕೂಲು’ ಆಗುತ್ತದೆ. ನಕ್ಕು ಅವಮಾನಿಸದೆ, ಚಪ್ಪಾಳೆಯ ತಾಳಕ್ಕೆ ಹೇಳಿಸಿದರೆ ಸರಿಹೋಗುತ್ತದೆ.

ಈಗ ಅದರ ಮಿತಿ. ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ 2000ದ ವರದಿ ಕ್ರಮಬದ್ಧ ಫೋನಿಕ್ಸ್ ಪರವಾಗಿ ಮಾತನಾಡಿತು, ನಿಜ. ಅದೇ ವರದಿ ಅದರ ಲಾಭ ಸಣ್ಣ ತರಗತಿಗಳಲ್ಲಿ ಹೆಚ್ಚು, ಮೇಲಿನ ತರಗತಿಗಳಲ್ಲಿ ಕಡಿಮೆ ಎಂದೂ ಹೇಳಿದೆ. ಓದಿಗೆ ಧ್ವನಿಯ ಜೊತೆ ಪದಸಂಪತ್ತು, ಓಘ, ಅರ್ಥಗ್ರಹಣವೂ ಬೇಕೆಂದಿದೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ. ಅಲ್ಲಿನ ಮಗು ಧ್ವನಿ ಕೂಡಿಸಿ ಹೇಳಿದ ಪದ ಅದಕ್ಕೆ ಮೊದಲೇ ಗೊತ್ತಿರುತ್ತದೆ, ಅಮ್ಮನ ಬಾಯಲ್ಲಿ ಕೇಳಿರುತ್ತದೆ. ಗುಡಿಬಂಡೆಯ ಮಗು ಅದೇ ಪದವನ್ನು ಸರಿಯಾಗಿ ಓದಿದರೂ ಕೈಗೆ ಸಿಗುವುದು ಬರಿಯ ಸದ್ದು. ಅರ್ಥವಿಲ್ಲದೆ ಸೊಗಸಾಗಿ ಓದುವ ಮಕ್ಕಳನ್ನು ನೋಡಿ ಪೋಷಕರು ಹಿಗ್ಗುತ್ತಾರೆ. ಅದು ಅರ್ಧ ದಾರಿ ಮಾತ್ರ. ‘ಒನ್’, ‘ವಾಸ್’, ‘ಸೆಡ್’ ಥರದ ಪದಗಳು ಬರೆಯುವುದೊಂದು, ಓದುವುದೊಂದು. ಅವು ಫೋನಿಕ್ಸ್ ಹಿಡಿತಕ್ಕೆ ಸಿಗುವುದಿಲ್ಲ. 1930ರ ದಶಕದಲ್ಲಿ ಎಡ್ವರ್ಡ್ ಡಾಲ್ಚ್ ಮಕ್ಕಳ ಓದಿನಲ್ಲಿ ಮೇಲಿಂದ ಮೇಲೆ ಬರುವ 220 ಪದಗಳ ಪಟ್ಟಿ ಮಾಡಿದರು. ಆ ಪದಗಳನ್ನು ಬರೆದ ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡ್) ದಿನಕ್ಕೆ ಐದರಂತೆ ನೋಡಿ ಗುರುತಿಸುವುದನ್ನು ಫೋನಿಕ್ಸ್ ಪಕ್ಕದಲ್ಲೇ ನಡೆಸಬೇಕು.

ಖರ್ಚಿನ ಮಾತು. ಹೊಳೆಯುವ ಡಬ್ಬಿಯ ಕಿಟ್‌ಗಳಿಗೆ ಸಾವಿರಾರು ರೂಪಾಯಿ ಕೊಡಬೇಕಿಲ್ಲ. ರಟ್ಟು, ಸ್ಕೆಚ್ ಪೆನ್, ನಲಿ-ಕಲಿ ಕೊಠಡಿಯಲ್ಲಿ ಈಗಾಗಲೇ ಇರುವ ಮಕ್ಕಳ ಕೈಗೆಟುಕುವ ಎತ್ತರದ ಕಪ್ಪುಹಲಗೆ ಸಾಕು. ಹಣ ಹಾಕುವುದಾದರೆ ಶಿಕ್ಷಕರ ಕಲಿಕೆಗೆ ಹಾಕಿ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೇ ಕೆಲಸಕ್ಕೆ ಇದೆ, ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿಯ ಡಯಟ್‌ಗಳಿವೆ. ತರಬೇತಿಗೆ ಹೆಸರು ಹೋಗುವಾಗ ‘ಯಾರಾದರೂ ಒಬ್ಬರು ಹೋಗಿಬನ್ನಿ’ ಎನ್ನದೆ ಮೂರನೇ ತರಗತಿಗೆ ಪಾಠ ಮಾಡುವವರೇ ಹೋಗುವಂತೆ ನೋಡಿಕೊಳ್ಳಿ. ವರ್ಗಾವಣೆಯ ಒರೆಗಲ್ಲಿನಲ್ಲಿ ಫೋನಿಕ್ಸ್ ಸ್ವಲ್ಪ ಸೋಲುತ್ತದೆ, ಏಕೆಂದರೆ ಅದು ಶಿಕ್ಷಕರ ಬಾಯಲ್ಲಿರುವ ವಿದ್ಯೆ. ಇಬ್ಬರು ಕಲಿತಿದ್ದರೆ ಒಬ್ಬರು ಹೋದರೂ ನಡೆಯುತ್ತದೆ.

ಕಥೆಪುಸ್ತಕಗಳು

ನನ್ನ ಒಲವು ಇತ್ತ ಎಂದು ಮುಚ್ಚಿಡುವುದಿಲ್ಲ. ಕಾರಣ ಫಿಜಿ ದ್ವೀಪದ ಒಂದು ಪ್ರಯೋಗ. 1980ರ ದಶಕದ ಆರಂಭದಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಸಂಶೋಧಕರು ಅಲ್ಲಿನ ಹಳ್ಳಿ ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಿಗೆ ಸುಮಾರು 250 ಸಚಿತ್ರ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟರು. ಆ ಮಕ್ಕಳಿಗೂ ಇಂಗ್ಲಿಷ್ ಮನೆಮಾತಲ್ಲ. ಪುಸ್ತಕ ಸಿಕ್ಕ ಮಕ್ಕಳ ಓದಿನ ಪ್ರಗತಿ ಉಳಿದವರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿತ್ತು. ಮುಂದೆ ಬರವಣಿಗೆ, ವ್ಯಾಕರಣದಲ್ಲೂ ಲಾಭ ಕಾಣಿಸಿತು. ನಮ್ಮ ಪರಿಸ್ಥಿತಿಗೆ ಅಮೆರಿಕದ ವರದಿಗಿಂತ ಇದು ಹತ್ತಿರ.

ಪಠ್ಯಪುಸ್ತಕ ವರ್ಷಕ್ಕೆ ಒಂದು. ಅದರಲ್ಲಿ ಒಂದು ಪದ ಒಂದೆರಡು ಸಲ ಬಂದು ಮಾಯವಾಗುತ್ತದೆ. ಭಾಷೆ ಹತ್ತುವುದು ಒಂದೇ ಪದ ಹತ್ತು ಬೇರೆ ಬೇರೆ ಕಥೆಗಳಲ್ಲಿ ಎದುರಾದಾಗ. ತೆಳ್ಳಗಿನ ಸಚಿತ್ರ ಪುಸ್ತಕಗಳು ಐವತ್ತರಿಂದ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟ್, ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಪ್ರಕಟಣೆಗಳನ್ನು ನೋಡಿ. ತೂಲಿಕಾದವರು ಒಂದೇ ಪುಟದಲ್ಲಿ ಎರಡು ಭಾಷೆಗಳಿರುವ ಪುಸ್ತಕಗಳನ್ನೂ ತಂದಿದ್ದಾರೆ. ಅದೂ ದುಬಾರಿ ಎನಿಸಿದರೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣವಿದೆ. ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಲು ಅನುಮತಿಯಿದೆ, ಓದಿನ ಮಟ್ಟದ ಪ್ರಕಾರ ವಿಂಗಡಣೆಯಿದೆ, ಒಂದೇ ಕಥೆ ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಎಲ್ಲದರಲ್ಲೂ ಸಿಗುವುದುಂಟು. ಮುಳಬಾಗಿಲು, ಪಾವಗಡದ ಶಾಲೆಗೆ ಇದಕ್ಕಿಂತ ಹೊಂದುವ ಸಾಮಗ್ರಿ ನನಗೆ ತೋರುವುದಿಲ್ಲ: ಮೊದಲು ತೆಲುಗಿನಲ್ಲಿ ಕಥೆ ಹೇಳಿ, ಕನ್ನಡದಲ್ಲಿ ಓದಿಸಿ, ಆಮೇಲೆ ಇಂಗ್ಲಿಷಿನದನ್ನು ಕೈಗೆ ಕೊಡಬಹುದು. ಅರ್ಥ ಮೊದಲೇ ಮನೆ ಮಾಡಿಕೊಂಡಿರುವುದರಿಂದ ಮಗು ಪದಗಳ ಕಡೆ ಧೈರ್ಯದಿಂದ ನೋಡುತ್ತದೆ. ಅಂದಹಾಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕೊಳ್ಳುವ ಮುನ್ನ ಅಲ್ಲಿನ ಕಪಾಟು ನೋಡಿಬನ್ನಿ.

ಕೊರತೆಗಳೂ ಇವೆ. ಅಕ್ಷರವೇ ಬಾರದ ಮಗುವಿಗೆ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತದೆ; ಅದಕ್ಕೆ ಯಾರಾದರೂ ಓದಿ ಹೇಳಬೇಕು. ಫಲ ನಿಧಾನ, ಮೊದಲ ಮೂರು ನಾಲ್ಕು ತಿಂಗಳು ತೋರಿಸಲು ಏನೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಬೀರುವಿನ ಬೀಗ. ದಾಸ್ತಾನು ವಹಿಯಲ್ಲಿ ನಮೂದಾದ ಪುಸ್ತಕ ಹರಿದರೆ ತನಿಖೆಯಲ್ಲಿ ತಮ್ಮ ತಲೆಗೆ ಬರುತ್ತದೆಂದು ಮುಖ್ಯಶಿಕ್ಷಕರು ಹೆದರುತ್ತಾರೆ. ಆ ಭಯ ಸುಳ್ಳೇನಲ್ಲ. ಎಸ್‌ಡಿಎಂಸಿ ಸಭೆಯಲ್ಲೇ ‘ವರ್ಷಕ್ಕೆ ಇಷ್ಟು ಪುಸ್ತಕ ಹರಿಯುವುದು ಸಹಜ’ ಎಂದು ನಡಾವಳಿ ಬರೆಸಿಕೊಳ್ಳಿ, ಪುಸ್ತಕಗಳನ್ನು ತರಗತಿಯಲ್ಲೇ ಹಗ್ಗ ಕಟ್ಟಿ ನೇತುಹಾಕಿ. ವರ್ಗಾವಣೆಯ ಒರೆಗಲ್ಲಿನಲ್ಲಿ ಪುಸ್ತಕಗಳು ಗೆಲ್ಲುತ್ತವೆ: ಶಿಕ್ಷಕರು ಹೋದರೂ ಹಗ್ಗದ ಮೇಲೆ ಉಳಿಯುತ್ತವೆ. ಇಂಗ್ಲಿಷ್ ಮಾತನಾಡಲು ಹಿಂಜರಿಯುವ ಶಿಕ್ಷಕರೂ ಪುಸ್ತಕ ಹಿಡಿದು ಧೈರ್ಯವಾಗಿ ಓದಬಲ್ಲರು.

ಇದರ ಜೊತೆ ಸೇರಿಸಬಹುದಾದ, ಖರ್ಚೇ ಇಲ್ಲದ ಇನ್ನೊಂದು ಕೆಲಸವೆಂದರೆ ಮಕ್ಕಳೇ ಪುಸ್ತಕ ಬರೆಯುವುದು. ಮಗು ತನ್ನ ಅನುಭವ ಹೇಳುತ್ತದೆ, ಶಿಕ್ಷಕರು ಅದನ್ನು ನಾಲ್ಕಾರು ಸರಳ ಇಂಗ್ಲಿಷ್ ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಓದಿ ನಕಲು ಮಾಡಿ ಚಿತ್ರ ಬಿಡಿಸುತ್ತಾರೆ. ಶ್ರೀನಿವಾಸಪುರದ ಮಗು ಮಾವಿನ ತೋಪು ಕಾಯುವುದನ್ನು, ಶಿಡ್ಲಘಟ್ಟದ ಮಗು ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಹತ್ತುವುದನ್ನು, ಪಾವಗಡದ ಮಗು ಊರ ಪಕ್ಕದ ಸೋಲಾರ್ ಹಲಗೆಗಳನ್ನು, ಕೋಲಾರದ ಮಗು ಟೊಮೆಟೊ ಬೆಲೆ ಬಿದ್ದ ದಿನವನ್ನು ಹೇಳಲಿ. ತಾನೇ ಹೇಳಿದ ವಾಕ್ಯಕ್ಕೆ ಅರ್ಥ ಕೇಳಬೇಕಿಲ್ಲ. ಆರರಿಂದ ಎಂಟನೇ ತರಗತಿಯಲ್ಲಿ ಬೋರ್ಡಿನ ವಾಕ್ಯಗಳನ್ನು ಕಡಿಮೆ ಮಾಡುತ್ತ ಹೋಗಿ. ಮೊದಲ ಎರಡು ವಾಕ್ಯ ಶಿಕ್ಷಕರದು, ಉಳಿದವು ಮಕ್ಕಳವು. ವ್ಯಾಕರಣ ಹೇಳಿಕೊಡಲು ಒಳ್ಳೆಯ ಸಮಯ ಆ ವಾಕ್ಯಗಳನ್ನು ತಿದ್ದುವಾಗಲೇ. ಪ್ರತ್ಯೇಕ ವ್ಯಾಕರಣ ಪುಸ್ತಕ, ಕರ್ಸಿವ್ ಬರಹದ ನಾಲ್ಕು ಗೆರೆ ಪುಸ್ತಕ ಇವೆರಡಕ್ಕೂ ಹಣ ಹಾಕಬೇಡಿ. ಅಕ್ಷರ ಮುತ್ತಿನಂತಿರಲಿ, ಬೇಡವೆನ್ನುವುದಿಲ್ಲ. ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುವ ಮಗುವಿಗೆ ಇಂಗ್ಲಿಷ್ ಬಂತೆಂದು ತಿಳಿಯಬೇಡಿ ಅಷ್ಟೇ.

ಇಂಗ್ಲಿಷಿಗೆಂದೇ ಒಬ್ಬ ಶಿಕ್ಷಕರು

ಊರಿನವರಿಗೆ ಬಹಳ ಹಿಡಿಸುವ ಆಯ್ಕೆ ಇದು. ತಿಂಗಳಿಗೆ 8,000 ರೂಪಾಯಿ ಎಂದುಕೊಂಡರೂ ಹತ್ತು ತಿಂಗಳಿಗೆ 80,000. ಮುಂದಿನ ವರ್ಷ ಮತ್ತೆ ಅಷ್ಟೇ. ದಾನಿಗಳ ಕೈ ಒಮ್ಮೆ ಬಿಗಿಯಾದರೆ ಆ ಶಿಕ್ಷಕರೂ ಹೋಗುತ್ತಾರೆ, ಕಲಿಕೆಯೂ ನಿಲ್ಲುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇನ್ನೊಂದು ಅಪಾಯ ಸೂಕ್ಷ್ಮವಾದದ್ದು: ಇಂಗ್ಲಿಷ್ ಆ ಒಬ್ಬರ ಜವಾಬ್ದಾರಿ ಎಂದು ಉಳಿದ ಶಿಕ್ಷಕರು ಕೈತೊಳೆದುಕೊಳ್ಳುತ್ತಾರೆ.

‘ಸ್ಪೋಕನ್ ಇಂಗ್ಲಿಷ್’ ಎಂಬ ಬೋರ್ಡಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಮಕ್ಕಳಿಗೆ ಸ್ವಪರಿಚಯದ ಹತ್ತು ವಾಕ್ಯ ಗಿಳಿಪಾಠ ಮಾಡಿಸಿ ಆಗಸ್ಟ್ 15ರಂದು ವೇದಿಕೆ ಹತ್ತಿಸುತ್ತಾರೆ. ಹೆಸರು, ಊರು, ಅಪ್ಪನ ಹೆಸರು, ಗುರಿ ಐಎಎಸ್. ಹನ್ನೊಂದನೆಯ ವಾಕ್ಯ ಕೇಳಿದರೆ ಮಗು ಅಪ್ಪನ ಮುಖ ನೋಡುತ್ತದೆ.

ಹಾಗಿದ್ದೂ ಈ ಆಯ್ಕೆ ಸರಿಯಾಗುವ ಸಂದರ್ಭವಿದೆ. ಓದಲು ಬರುವ, ಅರ್ಥವೂ ತಿಳಿಯುವ, ಬಾಯಿ ಬಿಡಲು ನಾಚುವ ಆರರಿಂದ ಎಂಟರ ಮಕ್ಕಳಿಗೆ ಮಾತಿಗೆ ಸಿಗುವ ಮನುಷ್ಯರು ಬೇಕು. ಪುಸ್ತಕ ಆ ಕೆಲಸ ಮಾಡದು. ಊರಲ್ಲೇ ಬಿ.ಎಡ್ ಮುಗಿಸಿ ಕುಳಿತಿರುವ ಹೆಣ್ಣುಮಕ್ಕಳು ಇರುತ್ತಾರೆ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ ಮೂರೂವರೆ ಸಾವಿರ ಎಂದು ಒಪ್ಪಂದವಾದರೂ ಹತ್ತು ತಿಂಗಳಿಗೆ 35,000 ಆಗುತ್ತದೆ. ಮೂರು ವರ್ಷದ ಹಣ ಕೈಯಲ್ಲಿದ್ದರೆ ಮಾತ್ರ ಹೆಜ್ಜೆ ಇಡಿ. ಇನ್ನೊಂದು ಷರತ್ತು: ತರಗತಿ ನಡೆಯುವಾಗ ಶಾಲೆಯ ಒಬ್ಬ ಕಾಯಂ ಶಿಕ್ಷಕರು ಜೊತೆಗಿರಬೇಕು. ಕೆಜಿಎಫ್ ಪಟ್ಟಣದ ಮಾತು ಸ್ವಲ್ಪ ಬೇರೆ. ಗಣಿಯ ಕಾಲದಿಂದ ಅಲ್ಲಿ ಇಂಗ್ಲಿಷ್ ಮಾತು ಕಿವಿಗೆ ಬಿದ್ದವರು ಇನ್ನೂ ಇದ್ದಾರೆ. ನಿವೃತ್ತರು ವಾರಕ್ಕೆರಡು ದಿನ ಬಂದು ಮಕ್ಕಳ ಜೊತೆ ಹರಟಿದರೂ ಸಾಕು, ಸಂಬಳದ ಲೆಕ್ಕವೇ ಬೇಕಾಗುವುದಿಲ್ಲ.

ಸ್ಮಾರ್ಟ್ ಟಿವಿ, ಟ್ಯಾಬ್, ಆ್ಯಪ್

ಮೂವತ್ತು ಸಾವಿರದ ಆಸುಪಾಸು ಟಿವಿಗೆ, ಅದರ ಮೇಲೆ ಯುಪಿಎಸ್, ಇಂಟರ್ನೆಟ್, ಕಿಟಕಿಗೆ ಗ್ರಿಲ್. ಕರೆಂಟು ಇರುವಾಗ ಇಂಗ್ಲಿಷ್ ಅವಧಿ ಇರಬೇಕು, ಇಂಗ್ಲಿಷ್ ಅವಧಿ ಇರುವಾಗ ಕರೆಂಟು ಇರಬೇಕು. ಮಕ್ಕಳು ಬಾಯಿ ತೆರೆದು ನೋಡುತ್ತಾರೆ, ಮಾತನಾಡುವುದು ಟಿವಿ. ಶಿಕ್ಷಕರ ಬದಲು ಟಿವಿ ಪಾಠ ಓದಿದಂತಾಯಿತೇ ಹೊರತು ಮಗುವಿನ ಪಾಲಿಗೆ ಹೆಚ್ಚೇನೂ ಬದಲಾಗಲಿಲ್ಲ.

ಟಿವಿಯಿಂದ ನಿಜವಾಗಿ ಸಿಗಬೇಕಾದದ್ದು ಒಂದು: ಸಹಜವಾದ ಇಂಗ್ಲಿಷ್ ಕಿವಿಗೆ ಬೀಳುವುದು. ಅದಕ್ಕೆ ಎರಡು ಸಾವಿರದೊಳಗಿನ ಬ್ಲೂಟೂತ್ ಸ್ಪೀಕರ್ ಮತ್ತು ಶಿಕ್ಷಕರ ಕೈಯಲ್ಲಿರುವ ಮೊಬೈಲ್ ಸಾಕು. ಪಠ್ಯಪುಸ್ತಕದ ಕ್ಯುಆರ್ ಸಂಕೇತದಿಂದ ಸರ್ಕಾರದ ದೀಕ್ಷಾ ಜಾಲತಾಣದ ಸಾಮಗ್ರಿ ಸಿಗುತ್ತದೆ. ಮನೆಯಲ್ಲಿ ಇಳಿಸಿಕೊಂಡು ತಂದರೆ ಶಾಲೆಯಲ್ಲಿ ನೆಟ್‌ವರ್ಕ್ ಬೇಕಿಲ್ಲ. ಈಗಾಗಲೇ ಯಾರೋ ಟಿವಿ ಕೊಟ್ಟಿದ್ದಾರೆ ಎಂದಾದರೆ ಸುಮ್ಮನೆ ಬಿಡಬೇಡಿ. ಇಂಗ್ಲಿಷ್ ಕಥೆ ಹಾಕಿ, ಪರದೆಯ ಕೆಳಗೆ ಬರುವ ಸಾಲುಗಳೂ ಇಂಗ್ಲಿಷಿನಲ್ಲೇ ಇರಲಿ, ಧ್ವನಿ ನಿಲ್ಲಿಸಿ ಮಕ್ಕಳಿಂದ ಓದಿಸಿ. ಆ್ಯಪ್‌ಗಳು ಒಂದು ಮಗು, ಒಂದು ಫೋನ್ ಇರುವ ಕಡೆಗೆ ಹೇಳಿ ಮಾಡಿಸಿದವು, ಶಾಲೆಗಲ್ಲ.

ನಿಮ್ಮ ಕೈಯಲ್ಲಿರುವುದಕ್ಕೆ ತಕ್ಕಂತೆ

ಹಣವೇ ಇಲ್ಲವೆಂದರೆ ರಟ್ಟಿನ ಅಕ್ಷರಗಳು, ಮಕ್ಕಳು ಬರೆದ ಪುಸ್ತಕಗಳು, ಪಂಚಾಯಿತಿ ಗ್ರಂಥಾಲಯ. ಇಷ್ಟರಲ್ಲೇ ಒಂದು ವರ್ಷ ನಡೆಸಬಹುದು. ಹಣವಿರುವ ಎಷ್ಟೋ ಶಾಲೆಗಳಿಗಿಂತ ಚೆನ್ನಾಗಿಯೇ ನಡೆಯುತ್ತದೆ.

ಹತ್ತು ಸಾವಿರ ಇದ್ದರೆ ಯೋಚನೆಗೆ ಅವಕಾಶವೇ ಇಲ್ಲ, ನೂರಕ್ಕೂ ಹೆಚ್ಚು ಪುಸ್ತಕ ಮತ್ತು ಒಂದು ಸ್ಪೀಕರ್. ಪುಸ್ತಕ ಆರಿಸುವಾಗ ಅರ್ಧಕ್ಕಿಂತ ಹೆಚ್ಚು ಪುಟಕ್ಕೊಂದು ಎರಡು ಸಾಲಿನವೇ ಇರಲಿ, ಎಂಟನೇ ತರಗತಿಗೂ ಅವು ಬೇಕಾಗುತ್ತವೆ. ದೊಡ್ಡ ಮಕ್ಕಳಿಗೆ ‘ಚಿಕ್ಕವರ ಪುಸ್ತಕ’ ಎಂಬ ನಾಚಿಕೆ ಬಂದರೆ ಒಂದು ಉಪಾಯವಿದೆ: ಎರಡನೇ ತರಗತಿಯವರಿಗೆ ಓದಿ ಹೇಳುವ ಕೆಲಸ ಅವರಿಗೆ ವಹಿಸಿ. ನಾಚಿಕೆ ಹೋಗುತ್ತದೆ, ಅಭ್ಯಾಸವೂ ಆಗುತ್ತದೆ, ಚಿಕ್ಕವರಿಗೆ ಓದಿ ಹೇಳುವವರು ಸಿಕ್ಕಂತೆಯೂ ಆಗುತ್ತದೆ.

ಮೂವತ್ತು ನಲವತ್ತು ಸಾವಿರದ ಕಡೆಯೇ ಗೊಂದಲ ಹೆಚ್ಚು, ಏಕೆಂದರೆ ಒಂದು ಟಿವಿಯ ಬೆಲೆಯೂ ಅಷ್ಟೇ, ದಿನಕ್ಕೆರಡು ಗಂಟೆಯ ಶಿಕ್ಷಕಿಯ ಒಂದು ವರ್ಷದ ಸಂಬಳವೂ ಅಷ್ಟೇ. ಇಲ್ಲಿ ನಿಮ್ಮ ಅಳತೆಯ ಹಾಳೆ ನೋಡಿ. ನಾಲ್ಕು, ಐದನೇ ತರಗತಿಯ ಹೆಚ್ಚಿನವರು ಪದವನ್ನೇ ಓದಲಾರರು ಎಂದಾದರೆ ಇಬ್ಬರು ಶಿಕ್ಷಕರ ಫೋನಿಕ್ಸ್ ಕಲಿಕೆಗೆ ಓಡಾಟ, ಸಾಮಗ್ರಿಗಳ ಖರ್ಚು ಇಟ್ಟು ಉಳಿದದ್ದಕ್ಕೆ ಪುಸ್ತಕ ಕೊಳ್ಳಿ. ಓದಿಯೂ ಅರ್ಥವಾಗದವರು ಹೆಚ್ಚಿದ್ದರೆ ಪೂರ್ತಿ ಹಣ ಪುಸ್ತಕಕ್ಕೆ, ಅದರಲ್ಲೂ ಎರಡು ಭಾಷೆಯವಕ್ಕೆ. ಹಿರಿಯ ಪ್ರಾಥಮಿಕ ಶಾಲೆಯಾಗಿದ್ದು ಮಾತೇ ಅಡ್ಡಿಯಾಗಿದ್ದರೆ ಶಿಕ್ಷಕಿ. ಆದರೆ ಮುಂದಿನ ಎರಡು ವರ್ಷದ ಮಾತು ಈಗಲೇ ಆಗಿರಬೇಕು.

ಲಕ್ಷ ರೂಪಾಯಿ ಬಂದರೆ ಒಂದೇ ವರ್ಷದಲ್ಲಿ ಮುಗಿಸಬೇಡಿ. ಮೊದಲ ವರ್ಷ ಇಪ್ಪತ್ತೈದು ಸಾವಿರದ ಪುಸ್ತಕ, ಎರಡನೆಯ ವರ್ಷ ಹರಿದವುಗಳ ಬದಲಿಗೆ ಹೊಸವು ಮತ್ತು ದಿನಕ್ಕೆರಡು ಗಂಟೆಯ ಶಿಕ್ಷಕಿ, ಮೂರನೆಯ ವರ್ಷಕ್ಕೂ ಅವರ ಸಂಬಳ ಉಳಿಯುವಂತೆ ಲೆಕ್ಕ ಹಾಕಿ. ಕೊಡುವವರು ಈ ವರ್ಷವೇ ಬಿಲ್ಲು ಬೇಕೆಂದರೆ ಪಕ್ಕದ ಎರಡು ಮೂರು ಶಾಲೆಗಳನ್ನು ಸೇರಿಸಿಕೊಳ್ಳಿ. ನಿಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಮೂಲಕ ಪುಸ್ತಕದ ಪೆಟ್ಟಿಗೆಗಳು ಎರಡು ತಿಂಗಳಿಗೊಮ್ಮೆ ಶಾಲೆಯಿಂದ ಶಾಲೆಗೆ ಸುತ್ತಲಿ.

ಮನೆಯಲ್ಲಿ ಒಂದೇ ಮಗುವಿನ ಚಿಂತೆಯಿರುವ ಪೋಷಕರೂ ಇದನ್ನು ಓದುತ್ತಿರಬಹುದು. ತಿಂಗಳಿಗೆ ಐನೂರು ರೂಪಾಯಿ ಟ್ಯೂಷನ್‌ಗೆ ಕೊಡುವ ಮುನ್ನ ಅಲ್ಲಿ ಏನು ಮಾಡಿಸುತ್ತಾರೆ ಎಂದು ಒಂದು ಸಂಜೆ ಕುಳಿತು ನೋಡಿ. ಶಾಲೆಯ ಪ್ರಶ್ನೋತ್ತರವನ್ನೇ ಮತ್ತೆ ಬರೆಸುತ್ತಿದ್ದರೆ ಅದೇ ಹಣಕ್ಕೆ ತಿಂಗಳಿಗೆ ಐದಾರು ಪುಸ್ತಕ ಬರುತ್ತವೆ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ, ರಾತ್ರಿ ಹತ್ತು ನಿಮಿಷ ಮಗು ನಿಮಗೆ ಓದಿ ಅರ್ಥ ಹೇಳಲಿ. ಎಲ್ಲಿ ತಡವರಿಸಿತು ಎಂಬುದು ಭಾಷೆ ಗೊತ್ತಿಲ್ಲದ ಕಿವಿಗೂ ತಿಳಿಯುತ್ತದೆ.

ಯಾವುದನ್ನೇ ಆರಿಸಿಕೊಂಡರೂ ದಸರಾ ರಜೆ ಮುಗಿದು ನವೆಂಬರ್‌ನಲ್ಲಿ ಅದೇ ಹಾಳೆ ಹಿಡಿದು ಮತ್ತೆ ಓದಿಸಿ. ಜೂನ್‌ನಲ್ಲಿ ಅಕ್ಷರದಲ್ಲೇ ನಿಂತಿದ್ದವರು ಪದಕ್ಕೆ ಬಂದಿದ್ದರೆ ಅದೇ ದಾರಿಯಲ್ಲಿ ಮುಂದುವರಿಯಿರಿ. ನಿಂತಲ್ಲೇ ನಿಂತಿದ್ದರೆ ಹೊಸದನ್ನು ಕೊಳ್ಳುವ ಮೊದಲು ತರಗತಿಯಲ್ಲಿ ದಿನಕ್ಕೆ ಎಷ್ಟು ನಿಮಿಷ ಮಗು ತಾನಾಗಿ ಓದಿತು ಎಂದು ಒಂದು ವಾರ ಬರೆದಿಡಿ. ಹತ್ತು ನಿಮಿಷವೂ ಇಲ್ಲದಿದ್ದರೆ ವೇಳಾಪಟ್ಟಿ ಬದಲಿಸಿ, ಉಳಿದ ಹಣ ಬ್ಯಾಂಕಿನಲ್ಲೇ ಇರಲಿ.